ಕುಂಬಳದ ಹೀಚು ಯಾಕೆ ಉದುರಿತು? ಶಾಲೆಯ ಕೈತೋಟದ ಐದು ತಿಂಗಳ ದಿನಚರಿ

ಶುರುವಾಗಿದ್ದು ಅಡುಗೆ ಮನೆಯಿಂದ. ಜುಲೈ ಕೊನೆಯ ವಾರ ನಮ್ಮ ಬಿಸಿಯೂಟದ ಅಕ್ಕ ಸ್ಟಾಫ್ ರೂಮಿನ ಬಾಗಿಲಿಗೆ ಬಂದು ಅಂಗೈ ಚಾಚಿದರು. ನಿಂಬೆಹಣ್ಣಿಗಿಂತ ಚಿಕ್ಕದಾದ ನಾಲ್ಕು ಸಿಹಿಕುಂಬಳದ ಹೀಚು. ನಾಲ್ಕೂ ಹಳದಿ ತಿರುಗಿ ತುದಿಯಲ್ಲಿ ಕೊಳೆತಿದ್ದವು.

"ಬರೀ ಹೂವು ಬಿಡ್ತದೆ ಸಾರ್, ಕಾಯಿ ನಿಲ್ತಾ ಇಲ್ಲ. ಈ ಬಳ್ಳಿ ನಂಬ್ಕೊಂಡ್ರೆ ಸಾಂಬಾರಿಗೆ ನೀರೇ ಗತಿ."

ನಮ್ಮದು ತಿಪಟೂರು ಕಡೆಯ ಒಂದು ಹಳ್ಳಿಯ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ. ಸುತ್ತ ತೆಂಗಿನ ತೋಟ, ಆಚೆಗೆ ರಾಗಿ ಹೊಲ. ಶಾಲೆಯ ಹಿಂದೆ ಅರ್ಧ ಗುಂಟೆಯಷ್ಟು ಕೈತೋಟ. ಜೂನ್‌ನಲ್ಲಿ ಆರು ಕುಂಬಳದ ಬಳ್ಳಿ, ಚಪ್ಪರಕ್ಕೆ ನಾಲ್ಕು ಹೀರೆ, ಹಳೆಯ ಮಣ್ಣಿನ ಗೋಡೆ ಪಕ್ಕ ಇಪ್ಪತ್ತು ಬದನೆ ಗಿಡ ಹಾಕಿದ್ದೆವು.

ಹೀಚನ್ನು ಏಳನೇ ಕ್ಲಾಸಿಗೆ ತೆಗೆದುಕೊಂಡು ಹೋಗಿ ಮೇಜಿನ ಮೇಲಿಟ್ಟೆ. ಯಾಕೆ ಹೀಗಾಯ್ತು? ಗೊಬ್ಬರ ಸಾಲದು ಅಂದರು. ನೀರು ಜಾಸ್ತಿ ಅಂದರು. ಯಾರದೋ ದೃಷ್ಟಿ ತಾಗಿದೆ ಅಂತಲೂ ಒಬ್ಬ ಅಂದ. ಆಮೇಲೆ ಸುಮ್ನೆ ಕೇಳಿದೆ, ಪರಾಗಸ್ಪರ್ಶ ಅಂದ್ರೇನು? ಹನ್ನೆರಡು ಕೈ ಮೇಲೆದ್ದವು. ವ್ಯಾಖ್ಯೆಯನ್ನು ಒಂದಕ್ಷರ ತಪ್ಪದೆ ಒಪ್ಪಿಸಿದರು. ಆದರೆ ಆ ಮಾತಿಗೂ ಮೇಜಿನ ಮೇಲಿರುವ ಕೊಳೆತ ಹೀಚಿಗೂ ಸಂಬಂಧವಿದೆ ಅಂತ ಒಬ್ಬರಿಗೂ ಹೊಳೆಯಲಿಲ್ಲ. ಪಾಠ ಮಾಡಿದವನು ನಾನೇ ತಾನೆ. ಮುಖ ಸಣ್ಣದಾಯಿತು.

ಉತ್ತರವನ್ನು ನಾನು ಹೇಳಬಾರದು, ಬಳ್ಳಿಯ ಕೈಯಿಂದಲೇ ಹೇಳಿಸಬೇಕು ಅಂತ ಅವತ್ತು ನಿರ್ಧಾರ ಮಾಡಿದೆ. ಮುಂದೆ ಬರೆದಿರುವುದು ಅದರ ಲೆಕ್ಕ, ತಪ್ಪುಗಳ ಸಮೇತ. ಬೇರೆ ಮೇಷ್ಟ್ರು, ಮಿಸ್ಸುಗಳಿಗೆ ಉಪಯೋಗಕ್ಕೆ ಬಂದರೆ ತಪ್ಪುಗಳೇ ಜಾಸ್ತಿ ಬಂದಾವು.

ಆಗಸ್ಟ್, ಮೊದಲ ವಾರ

ಮೊದಲ ದಿನವೇ ಎಡವಿದೆ. ಹನ್ನೊಂದು ಗಂಟೆಯ ಪೀರಿಯಡ್‌ಗೆ ಮಕ್ಕಳನ್ನು ಸಾಲಾಗಿ ತೋಟಕ್ಕೆ ಕರೆದುಕೊಂಡು ಹೋದೆ. ಒಂದು ಹೂವೂ ತೆರೆದಿಲ್ಲ. ಎಲ್ಲವೂ ಒದ್ದೆ ಕೊಡೆ ಮಡಚಿಟ್ಟ ಹಾಗೆ ಮುದುಡಿಕೊಂಡಿವೆ. ಅಕ್ಕ ಪಾತ್ರೆ ತೊಳೆಯುತ್ತಾ ನಕ್ಕರು. "ಹನ್ನೊಂದಕ್ಕೆ ಬಂದ್ರೆ ಎಲ್ಲಿ ಸಿಗ್ತದೆ ಸಾರ್? ಅದು ಕೋಳಿ ಕೂಗೋ ಹೊತ್ತಿಗೆ ಎದ್ದು, ನಿಮ್ಮ ಪ್ರೇಯರ್ ಮುಗಿಯೋದ್ರೊಳಗೆ ಮಲಗ್ತದೆ."

ಹೌದು. ಕುಂಬಳದ ಹೂವು ಸೂರ್ಯ ಹುಟ್ಟುವ ಹೊತ್ತಿಗೆ ತೆರೆದು ಹತ್ತು, ಹನ್ನೊಂದಕ್ಕೆಲ್ಲ ಮುಚ್ಚುತ್ತದೆ. ಮಾರನೇ ದಿನ ಮತ್ತೆ ತೆರೆಯುವುದಿಲ್ಲ. ಹೆಣ್ಣು ಹೂವಿನ ಪಾಲಿಗೆ ಇಡೀ ಬದುಕಿನ ಅವಕಾಶ ಆ ನಾಲ್ಕೈದು ಗಂಟೆ. ಶನಿವಾರ ಹೇಗೂ ಬೆಳಗಿನ ಶಾಲೆ. ಇನ್ನೊಂದು ಗಂಟೆ ಮುಂಚೆ, ಏಳಕ್ಕೇ ಬರುವವರು ಬನ್ನಿ ಅಂದೆ. ಹದಿನೇಳು ಮಕ್ಕಳು ಬಂದರು. ಇಬ್ಬರು ಹಲ್ಲುಜ್ಜಿರಲಿಲ್ಲ.

ಅವತ್ತು ಮಾಡಿದ್ದು ಎಣಿಕೆ ಅಷ್ಟೆ. ಉದ್ದ, ಸಣಕಲು ತೊಟ್ಟಿನ ಹೂವು ಗಂಡು. ತೊಟ್ಟು ಗಿಡ್ಡವಾಗಿ, ಹೂವಿನ ಕೆಳಗೆ ಗೋಲಿಯಂಥ ಪುಟಾಣಿ ಕಾಯಿ ಇದ್ದರೆ ಹೆಣ್ಣು. ಇಪ್ಪತ್ತಮೂರು ಗಂಡು, ಮೂರೇ ಮೂರು ಹೆಣ್ಣು. ಅಲ್ಲೇ ಒಂದು ವಿಷಯ ಹೊರಬಿತ್ತು. ಕಾಯಿ ಬಿಡದ ಹೂವು ದಂಡ ಅಂತ ಐದನೇ ಕ್ಲಾಸಿನ ಇಬ್ಬರು ಹುಡುಗರು ದಿನಾ ಒಂದಷ್ಟು ಗಂಡು ಹೂವನ್ನು ಕಿತ್ತೆಸೆಯುತ್ತಿದ್ದರಂತೆ! ಬಳ್ಳಿಗೆ ಸಹಾಯ ಅಂದುಕೊಂಡು.

ಬೈಯಲಿಲ್ಲ. ಗಂಡು ಹೂವಿನ ಒಳಗೆ ಬೆರಳು ಹಾಕಿ ನೋಡಿ ಅಂದೆ. ಬೆರಳ ತುದಿಗೆ ಹಳದಿ ಪುಡಿ ಮೆತ್ತಿಕೊಂಡಿತು. ಊದಿ ಹಾರಿಸಿ ನೋಡೋಣ ಅಂದೆ. ಉಫ್ ಉಫ್ ಅಂತ ಊದಿದ್ದೇ ಬಂತು. ಹಾರಲಿಲ್ಲ. ಕುಂಬಳದ ಪರಾಗ ದಪ್ಪ, ಜಿಗುಟು. ಜೋಳದ ಪರಾಗದ ಹಾಗೆ ಗಾಳಿಗೆ ತೇಲುವಂಥದ್ದಲ್ಲ. "ಹಂಗಾದ್ರೆ ಇದು ಆ ಹೂವಿಗೆ ಹೆಂಗೆ ಹೋಗುತ್ತೆ ಸಾರ್?" ಅಂತ ಕಿತ್ತೆಸೆಯುತ್ತಿದ್ದವನೇ ಕೇಳಿದ. ನಾನು ಸುಮ್ಮನಿದ್ದೆ. ಸುಮ್ಮನಿರೋದು ನಮ್ಮ ಕಸುಬಿನಲ್ಲಿ ಬಲು ಕಷ್ಟದ ಕೆಲಸ.

ಆಗಸ್ಟ್, ಎರಡನೇ ವಾರದಿಂದ: ಚೀಲಗಳು

ಉಪಾಯ ಸರಳ. ನಾಳೆ ಅರಳುವ ಹೆಣ್ಣು ಮೊಗ್ಗಿಗೆ ಇವತ್ತು ಸಂಜೆಯೇ ಚೀಲ ಕಟ್ಟಬೇಕು. ನಾಳೆ ಅರಳುವ ಮೊಗ್ಗನ್ನು ಗುರುತಿಸುವುದು ಸುಲಭ, ತುದಿಯಲ್ಲಿ ಹಸಿರು ಹೋಗಿ ಹಳದಿ ಬಣ್ಣ ಇಣುಕುತ್ತಿರುತ್ತದೆ. ಒಳಗೆ ಯಾರೂ ಹೋಗದಿದ್ದರೆ ಕಾಯಿ ಆಗುತ್ತದೋ ಇಲ್ಲವೋ ನೋಡೋಣ.

ಮೊದಲ ಸಲ ಪ್ಲಾಸ್ಟಿಕ್ ಕವರ್ ಕಟ್ಟಿದೆವು. ಬೆಳಿಗ್ಗೆ ನೋಡಿದರೆ ಕವರಿನ ಒಳಗೆಲ್ಲ ನೀರ ಹನಿ. ಮಧ್ಯಾಹ್ನದ ಹೊತ್ತಿಗೆ ಹೂವು ಬೆಂದ ಸೊಪ್ಪಿನ ಹಾಗಾಗಿತ್ತು. ಮೂರನೇ ದಿನ ಹೀಚು ಉದುರಿತು. ನಾನು ಒಳಗೊಳಗೇ ಖುಷಿಯಾಗಿ, ನೋಡಿದ್ರಾ, ಹುಳ ಹೋಗಲಿಲ್ಲ, ಕಾಯಿ ಆಗಲಿಲ್ಲ ಅಂದುಬಿಟ್ಟೆ. ಹಿಂದಿನ ಬೆಂಚಿನ ಒಬ್ಬಳು, ಕ್ಲಾಸಿನಲ್ಲಿ ಬಾಯಿ ಬಿಡುವುದೇ ಅಪರೂಪ, ಎದ್ದು ನಿಂತಳು.

"ಸಾರ್, ಅದು ಬೆವರಿ ಸತ್ತಿದ್ದು. ಹುಳ ಬರಲಿಲ್ಲ ಅಂತ ಅಲ್ಲ."

ಐದು ತಿಂಗಳಲ್ಲಿ ನನಗೆ ಸಿಕ್ಕಿದ ದೊಡ್ಡ ಬಹುಮಾನ ಈ ಮಾತು. ಚೀಲವೇ ಕೊಂದಿದೆಯೋ, ಹುಳ ಬರದೇ ಇದ್ದದ್ದು ಕೊಂದಿದೆಯೋ? ಹೇಗೆ ಬೇರೆ ಮಾಡೋದು? ಅರ್ಧ ಗಂಟೆ ಚರ್ಚೆ ಆಯಿತು. ಕೊನೆಗೆ ಅವರೇ ಕಂಡುಕೊಂಡದ್ದು ಇದು. ಕೆಲವು ಹೂವಿಗೆ ಚೀಲ ಕಟ್ಟಿ ಹಾಗೇ ಬಿಡೋದು. ಕೆಲವಕ್ಕೆ ಚೀಲ ಕಟ್ಟಿ, ಬೆಳಿಗ್ಗೆ ಬಿಚ್ಚಿ, ನಮ್ಮ ಕೈಯಿಂದಲೇ ಪರಾಗ ಹಚ್ಚಿ ಮತ್ತೆ ಕಟ್ಟೋದು. ಕೆಲವನ್ನು ಚೀಲವಿಲ್ಲದೆ ಬಿಡೋದು. ಚೀಲವೇ ಕೊಲ್ಲುವುದಾದರೆ ಎರಡನೆಯದೂ ಸಾಯಬೇಕಲ್ವಾ?

ಎರಡನೇ ಸಲದ ಚೀಲಕ್ಕೆ ಹಳೆಯ ಸೊಳ್ಳೆ ಪರದೆ ಕತ್ತರಿಸಿದೆವು. ಹೂವು ಬೇಯಲಿಲ್ಲ, ಆದರೆ ಇರುವೆ ಸಲೀಸಾಗಿ ಒಳಗೆ ಹೋದವು. ಮೂರನೇ ಸಲ ನಮ್ಮ ತಂದೆಯವರ ಹಳೇ ಮಲ್ ಪಂಚೆ ಬಲಿಯಾಯಿತು. ಗೇಣುದ್ದ ಚೀಲ, ಬಾಯಿಗೆ ಲಾಡಿ. ಕಟ್ಟುವಾಗ ತೊಟ್ಟಿನ ಸುತ್ತ ಒಂದು ಸುತ್ತು ಹತ್ತಿ ಇಟ್ಟರೆ ಇರುವೆ ನುಸುಳುವುದಿಲ್ಲ, ತೊಟ್ಟೂ ಮುರಿಯುವುದಿಲ್ಲ. ಹೂವು ಅರಳಲು ಒಳಗೆ ಜಾಗ ಬೇಕು, ಬಟ್ಟೆ ಅಂಟಿಕೊಂಡಿರಬಾರದು. ಅದಕ್ಕೆ ಒಳಗೊಂದು ತೆಂಗಿನ ಗರಿಯ ಕಡ್ಡಿಯನ್ನು ಬಳೆಯ ಹಾಗೆ ಬಗ್ಗಿಸಿ ಕೂರಿಸಿದೆವು.

ಕೈಯಿಂದ ಪರಾಗ ಹಚ್ಚುವುದನ್ನು ಎಲ್ಲರೂ ಮಾಡಿದರು. ಅದೇ ಬೆಳಿಗ್ಗೆ ಅರಳಿದ ಗಂಡು ಹೂವನ್ನು ತೊಟ್ಟಿನ ಸಮೇತ ಕಿತ್ತು, ಎಸಳು ಬಿಡಿಸಿದರೆ ನಡುವೆ ಹಳದಿ ಕಡ್ಡಿ ಉಳಿಯುತ್ತದೆ. ಅದನ್ನು ಹೆಣ್ಣು ಹೂವಿನ ನಡುವಿನ ಮೂರು ಗಂಟುಗಳಿಗೂ ಮೆಲ್ಲಗೆ ಸವರಬೇಕು. ಒಂದು ಗಂಡು ಹೂವು ಎರಡು ಹೆಣ್ಣಿಗೆ ಧಾರಾಳ. ಕೈ ನಡುಗುತ್ತದೆ ಅಂತ ಒಬ್ಬ ಉಸಿರು ಕಟ್ಟಿ ಹಚ್ಚಿದ. ಇನ್ನೊಬ್ಬಳು ಅವಸರದಲ್ಲಿ ಒಂದೇ ಗಂಟಿಗೆ ಸವರಿ ಮುಗೀತು ಅಂದಳು. ಇರಲಿ, ಅದಕ್ಕೆ ಕೆಂಪು ದಾರ ಕಟ್ಟು, ಏನಾಗುತ್ತೋ ನೋಡೋಣ ಅಂದೆ.

ಆ ಹೊತ್ತಿಗೆ ಅವರಿಗೆ ಎಡ್ಮಂಡ್ ಆಲ್ಬಿಯಸ್ ಕತೆ ಹೇಳಿದೆ. ಹಿಂದೂ ಮಹಾಸಾಗರದ ರಿಯೂನಿಯನ್ ದ್ವೀಪದಲ್ಲಿ ಗುಲಾಮನಾಗಿದ್ದ ಹುಡುಗ. ಮೆಕ್ಸಿಕೋ ಕಡೆಯಿಂದ ತಂದ ವೆನಿಲ್ಲಾ ಬಳ್ಳಿ ಅಲ್ಲಿ ಹೂವು ಬಿಡುತ್ತಿತ್ತು, ಕಾಯಿ ಕಟ್ಟುತ್ತಿರಲಿಲ್ಲ. ಅದರ ಜೊತೆಗಾರ ಹುಳ ಅಲ್ಲಿರಲಿಲ್ಲ. 1841ರಲ್ಲಿ, ಹನ್ನೆರಡು ವರ್ಷದ ಎಡ್ಮಂಡ್ ಒಂದು ಸಣ್ಣ ಕಡ್ಡಿ ಮತ್ತು ಹೆಬ್ಬೆರಳಿನಿಂದ ಹೂವಿಗೆ ಪರಾಗ ಸೇರಿಸುವ ಉಪಾಯ ಕಂಡುಹಿಡಿದ. ನಮ್ಮ ಮಲೆನಾಡಿನ ತೋಟಗಳಲ್ಲಿ ವೆನಿಲ್ಲಾ ಬೆಳೆದವರು ದಿನಾ ಬೆಳಿಗ್ಗೆ ಮಾಡಿದ್ದೂ ಅದೇ ಕೆಲಸ, ಒಂದೊಂದೇ ಹೂವಿಗೆ. "ನಮ್ ವಯಸ್ಸೇ ಸಾರ್!" ಅಂದರು. ಅವತ್ತಿನಿಂದ ಹಚ್ಚುವ ಕೆಲಸಕ್ಕೆ ನಾ ಮುಂದು ತಾ ಮುಂದು.

ಆಗಸ್ಟ್ ಕೊನೆಗೆ ಲೆಕ್ಕ ಹಾಕಿದೆವು. ಸುಮ್ಮನೆ ಚೀಲ ಕಟ್ಟಿದ ಎಂಟರಲ್ಲಿ ಒಂದೂ ನಿಲ್ಲಲಿಲ್ಲ. ಚೀಲ ಕಟ್ಟಿ ಕೈಯಿಂದ ಹಚ್ಚಿದ ಎಂಟರಲ್ಲಿ ಆರು ನಿಂತವು. ಚೀಲವಿಲ್ಲದ ಎಂಟರಲ್ಲಿ ನಾಲ್ಕು. ಒಂದು ಎಚ್ಚರಿಕೆ ಹೇಳಬೇಕು. ಬಳ್ಳಿಯಲ್ಲಿ ಒಂದು ದೊಡ್ಡ ಕಾಯಿ ಬೆಳೆಯುತ್ತಿದ್ದರೆ ಅದು ಮುಂದಿನ ಹೀಚುಗಳನ್ನು ತಾನಾಗಿ ಉದುರಿಸುತ್ತದೆ. ಅದಕ್ಕೇ ಮೂರೂ ಬಗೆಯನ್ನು ಎಲ್ಲ ಬಳ್ಳಿಗೂ ಹಂಚಬೇಕು. ನಮಗೆ ಇದು ಅರ್ಧ ದಾರಿಯಲ್ಲಿ ಗೊತ್ತಾಯಿತು.

ಕೆಂಪು ದಾರದ ಕಾಯಿಯೂ ನಿಂತಿತು. ಆದರೆ ಸೊಟ್ಟ. ಒಂದು ಪಕ್ಕ ಉಬ್ಬಿ, ಇನ್ನೊಂದು ಪಕ್ಕ ಚಪ್ಪಟೆ. ಸೆಪ್ಟೆಂಬರ್ ಕೊನೆಯಲ್ಲಿ ಅಕ್ಕನ ಈಳಿಗೆಮಣೆಯ ಮೇಲೆ ಹೆಚ್ಚಿಸಿ ನೋಡಿದರೆ ಉಬ್ಬಿದ ಕಡೆ ತುಂಬಿದ ಬೀಜ, ಚಪ್ಪಟೆ ಕಡೆ ಜೊಳ್ಳು. ಒಂದೊಂದು ಬೀಜಕ್ಕೂ ಒಂದೊಂದು ಪರಾಗದ ಕಣ ತಲುಪಬೇಕು, ಬೀಜ ಕಟ್ಟಿದಲ್ಲಿ ಕಾಯಿ ಉಬ್ಬುತ್ತದೆ. ಪಕ್ಕದಲ್ಲೇ ಜೇನುಹುಳದ ಕೈವಾಡದ ಕಾಯಿ, ದುಂಡಗೆ. ಸೊಟ್ಟ ಕಾಯಿಗೆ ಪರಾಗ ಹಚ್ಚಿದವಳು ಎರಡನ್ನೂ ಬಹಳ ಹೊತ್ತು ನೋಡಿ, "ಜೇನು ನನಗಿಂತ ನೀಟು" ಅಂದಳು.

ತುಂತುರು ಮತ್ತು ತಾತ

ಹಾಗಾದರೆ ಜುಲೈನಲ್ಲಿ ಹೀಚು ಉದುರಿದ್ದು ಯಾಕೆ? ಮಕ್ಕಳು ಪಾಳಿಯ ಮೇಲೆ ಹತ್ತು ಹತ್ತು ನಿಮಿಷ ಹೂವಿನ ಮುಂದೆ ಕೂತು ಬಂದವರ ಪಟ್ಟಿ ಮಾಡಿದರು. ತುಡುವೆ ಜೇನು, ಹೆಜ್ಜೇನು, ನೊಣದಷ್ಟೂ ಇಲ್ಲದ ಮುಜಂಟಿ. ಬಿಸಿಲಿದ್ದ ಬೆಳಿಗ್ಗೆ ಒಂದು ಹೂವಿಗೆ ಹತ್ತು ನಿಮಿಷದಲ್ಲಿ ಏಳೆಂಟು ಸಲ ಬಂದವು. ತುಂತುರು ಮಳೆಯ ಬೆಳಿಗ್ಗೆ ಸೊನ್ನೆ. ಜುಲೈನಲ್ಲಿ ವಾರಗಟ್ಟಲೆ ಜಿಟಿಜಿಟಿ ಹಿಡಿದಿತ್ತು. ಗಂಡು ಹೂವನ್ನು ಬೇರೆ ನಮ್ಮವರೇ ಕೀಳುತ್ತಿದ್ದರು.

ಇನ್ನೊಂದು ಸೊನ್ನೆ ಒಳ್ಳೆ ಬಿಸಿಲಿನ ದಿನವೇ ಸಿಕ್ಕಿತು. ಪಕ್ಕದ ಹೊಲದಲ್ಲಿ ಬೆಳಿಗ್ಗೆ ಏಳಕ್ಕೆ ಔಷಧಿ ಹೊಡೆಯುತ್ತಿದ್ದರು. ಹೊಡೆಯುತ್ತಿದ್ದವರು ನಮ್ಮ ಆರನೇ ಕ್ಲಾಸಿನ ಹುಡುಗಿಯೊಬ್ಬಳ ತಾತ. ನಾನು ಹೋಗಿ ಹೇಳಿದ್ದರೆ ಮೇಷ್ಟ್ರಿಗೇನು ಗೊತ್ತು ಬೇಸಾಯ ಅನ್ನುತ್ತಿದ್ದರು, ನ್ಯಾಯವೇ. ಅವಳೇ ಹೋಗಿ, "ತಾತ, ಬೆಳಿಗ್ಗೆ ಬ್ಯಾಡ, ಹೊತ್ತು ಮುಳುಗೋವಾಗ ಹೊಡಿ, ಅಷ್ಟೊತ್ತಿಗೆ ಜೇನು ಮನೆ ಸೇರ್ಕೊಂಡಿರ್ತವೆ" ಅಂದಳಂತೆ. ತಾತ ಮೂರು ದಿನ ಗೊಣಗಿ, ನಾಲ್ಕನೇ ದಿನದಿಂದ ಸಂಜೆ ಹೊಡೆಯಲು ಶುರು ಮಾಡಿದರು. ಬಿಸಿಲಲ್ಲಿ ಕ್ಯಾನು ಹೊರೋದು ತಪ್ಪಿತು ಅನ್ನೋದು ಅವರು ಊರಿಗೆ ಹೇಳಿದ ಕಾರಣ.

ಸೆಪ್ಟೆಂಬರ್: ರಟ್ಟಿನ ಹೂವು

ಇಲ್ಲಿಗೆ ಅರ್ಧ ಪಾಠ ಆಯಿತು. ಹೂವಿಗೆ ಜೇನು ಬೇಕು ಅನ್ನೋದು ಗೊತ್ತಾಯಿತು. ಆದರೆ ಮಕ್ಕಳ ಮಾತಿನಲ್ಲಿ ಜೇನು ಬರೀ ಕೆಲಸದಾಳು, ನಮ್ಮ ಕುಂಬಳಕಾಯಿಗಾಗಿ ದುಡಿಯುವ ಪ್ರಾಣಿ. ಅದಕ್ಕೂ ಹೊಟ್ಟೆ ಇದೆ, ಹೂವಿಲ್ಲದಿದ್ದರೆ ಅದೂ ಬದುಕದು ಅನ್ನೋದನ್ನು ಚೀಲ ಕಟ್ಟಿ ತೋರಿಸಲಾಗುವುದಿಲ್ಲ. ಅದಕ್ಕೆ ಆಟ ಕಟ್ಟಿದೆವು.

ಒಂದೊಂದು ಹೂವಿಗೂ ಬೇಕಾದದ್ದು ಊಟದ ತಟ್ಟೆಯಗಲದ ರಟ್ಟು, ನಡುವೆ ಅಂಟಿಸಿದ ಬಾಟಲಿ ಮುಚ್ಚಳ, ಅದರಲ್ಲಿ ಬೆಲ್ಲದ ನೀರು, ಸುತ್ತ ಪರಾಗದ ಬದಲು ಬಣ್ಣದ ಪುಡಿ, ಪಕ್ಕದಲ್ಲಿ ಹೆಣ್ಣು ಭಾಗದ ಬದಲು ಎರಡು ಕಡೆ ಅಂಟುವ ಟೇಪಿನ ತುಂಡು. ಜೇನು ಅಂದರೆ ಇಂಕ್ ಫಿಲ್ಲರ್, ಅದರ ಕೊರಳಿಗೆ ಹಳೇ ಸ್ವೆಟರಿನ ಉಣ್ಣೆ ಸುತ್ತಿದ್ದು. ಜೇನಿನ ಮೈಮೇಲೂ ರೋಮ ಇದೆಯಲ್ಲ.

ಮೊದಲು ರಂಗೋಲಿ ಪುಡಿ ಹಾಕಿದೆವು. ಉಣ್ಣೆಗೆ ಅಂಟದೆ ಉದುರಿತು, ಗಾಳಿಗೆ ಹಾರಿ ಒಬ್ಬನ ಕಣ್ಣಿಗೂ ಬಿತ್ತು. ಅರಿಶಿನ, ಕುಂಕುಮ ನಯ, ಅಂಟಿದವು. ಅದಕ್ಕೆ ಒಂದೆರಡು ಹನಿ ಕೊಬ್ಬರಿ ಎಣ್ಣೆ ಕಲಸಿದ ಮೇಲಂತೂ ಥೇಟ್ ಕುಂಬಳದ ಪರಾಗದ ಹಾಗೆ ಮೆತ್ತಿಕೊಂಡಿತು. ಆದರೂ ಮೊದಲ ಸುತ್ತು ಮುಗಿದಾಗ ಟೇಪಿನ ಮೇಲೆ ಬಣ್ಣವೇ ಇಲ್ಲ. ಮುಚ್ಚಳದ ಬಾಯಿ ಅಗಲ, ಫಿಲ್ಲರ್ ನೇರ ಒಳಗೆ ಹೋಗಿ ಬೆಲ್ಲದ ನೀರು ಹೀರಿ ಏನನ್ನೂ ಮುಟ್ಟದೆ ವಾಪಸ್ ಬರುತ್ತಿತ್ತು. ಮುಚ್ಚಳದ ಸುತ್ತ ಗಟ್ಟಿ ಕಾಗದದ ಕೊಳವೆ ನಿಲ್ಲಿಸಿ, ಅದರ ಬಾಯಂಚಿಗೆ ಪುಡಿ ಮತ್ತು ಟೇಪು ಅಂಟಿಸಿದೆವು. ಈಗ ಉಣ್ಣೆ ಉಜ್ಜದೆ ಬೆಲ್ಲ ಸಿಗುವುದಿಲ್ಲ. ಇದನ್ನು ರಿಪೇರಿ ಮಾಡಿದವನು ಓಡಿಹೋಗಿ ಕುಂಬಳದ ಹೂವು, ದಾಸವಾಳ, ತುಂಬೆ ಎಲ್ಲ ಕಿತ್ತು ತಂದು, ಮಧು ಎಲ್ಲಿದೆ, ಪರಾಗ ಎಲ್ಲಿದೆ ಅಂತ ಸೀಳಿ ಸೀಳಿ ನೋಡಿದ. ನಾನು ಹೇಳಬೇಕಾಗಿದ್ದನ್ನು ರಟ್ಟು ಹೇಳಿತು.

ಆಟದ ನಿಯಮ: ಹತ್ತು ಹೂವು, ಒಂದೊಂದರಲ್ಲಿ ಮೂವತ್ತು ಹನಿ. ಒಂದು ಹೂವಿನಿಂದ ಒಂದು ಸಲಕ್ಕೆ ಎರಡೇ ಹನಿ. ಅರವತ್ತು ಹನಿ ತುಂಬಿದ ತಂಡಕ್ಕೆ ಹೊಟ್ಟೆ ತುಂಬಿದ ಹಾಗೆ.

"ಸಾರ್, ಹೂವು ಯಾಕಿಷ್ಟು ಜಿಪುಣ?" ಅಂತ ಒಬ್ಬಳು ಕೇಳಿದಳು.

ಸರಿ, ಧಾರಾಳಿ ಮಾಡೋಣ ಅಂದೆ. ಒಂದೇ ಹೂವಿನ ಮುಚ್ಚಳ ತುಂಬ ಬೆಲ್ಲದ ನೀರು ತುಂಬಿ, ಎಷ್ಟು ಬೇಕಾದರೂ ಹೀರಿ ಅಂತ ಬಿಟ್ಟೆ. ಎಲ್ಲ ತಂಡಗಳೂ ಅಲ್ಲೇ ಮುಗಿಬಿದ್ದವು. ಎರಡು ನಿಮಿಷದಲ್ಲಿ ಎಲ್ಲರ ಹೊಟ್ಟೆ ತುಂಬಿತು. ಟೇಪು ಬಿಚ್ಚಿ ನೋಡಿದರೆ ಆ ಹೂವಿನ ಮೇಲೆ ಅದರದ್ದೇ ಬಣ್ಣ, ಉಳಿದ ಒಂಬತ್ತು ಹೂವು ಖಾಲಿ. ಸ್ವಲ್ಪ ಹೊತ್ತು ಗಲಾಟೆ ನಿಂತೇಹೋಯಿತು. ಆಮೇಲೆ ಅವಳೇ ಹೇಳಿದಳು, ಸ್ವಲ್ಪ ಸ್ವಲ್ಪ ಕೊಟ್ರೇನೇ ಅದು ಇನ್ನೊಂದು ಮನೆಗೆ ಹೋಗೋದು ಅಂತ. ನಿಜವಾದ ಜೇನುಹುಳ ಒಂದು ಸಲ ಹೊಟ್ಟೆ ತುಂಬಿಸಿಕೊಂಡು ಗೂಡಿಗೆ ಮರಳುವುದರಲ್ಲಿ ಐವತ್ತರಿಂದ ನೂರು ಹೂವು ಸುತ್ತುತ್ತದೆ ಅಂತ ಆಗ ಹೇಳಿದೆ. ಆಗ ಹೇಳಿದ್ದಕ್ಕೇ ನೆನಪಿನಲ್ಲಿ ಉಳಿಯಿತು ಅಂತ ಕಾಣುತ್ತದೆ, ನವೆಂಬರಿನಲ್ಲೂ ತಪ್ಪದೆ ಹೇಳುತ್ತಿದ್ದರು.

ಇದರ ಮಧ್ಯೆ ಒಬ್ಬ ಕಳ್ಳತನ ಮಾಡಿ ಸಿಕ್ಕಿಬಿದ್ದ. ರಟ್ಟಿನ ಕೆಳಗಿನಿಂದ ಕೊಳವೆಗೆ ತೂತು ಕೊರೆದು, ಪುಡಿ ಮುಟ್ಟದೆ ಬೆಲ್ಲ ಎಳೆಯುತ್ತಿದ್ದ. ಮೋಸ ಮೋಸ ಅಂತ ಕೂಗಾಟ. ನಾನು ಎಲ್ಲರನ್ನೂ ಗೇಟಿನ ಹತ್ತಿರದ ಹಳದಿ ಗಂಟೆ ಹೂವಿನ ಗಿಡಕ್ಕೆ ಕರೆದುಕೊಂಡು ಹೋದೆ. ಅಲ್ಲಿ ಕರೀ ಮಿರಮಿರ ದುಂಬಿಯೊಂದು, ಮರ ಕೊರೆದು ಗೂಡು ಮಾಡುವ ಜಾತಿಯದು, ಹೂವಿನ ಬಾಯಿಗೆ ಹೋಗದೆ ಬುಡದಲ್ಲಿ ಸೀಳಿ ಮಧು ಹೀರುತ್ತಿತ್ತು. ಹುಡುಗನ ಮುಖ ಅರಳಿತು. ಒಂದು ವಾರ ಅವನ ಹೆಸರೇ ದುಂಬಿ ಆಗಿತ್ತು.

ಕೊನೆಯ ಸುತ್ತಿನಲ್ಲಿ ಹೇಳದೆ ಕೇಳದೆ ಏಳು ಹೂವು ಎತ್ತಿಟ್ಟೆ. ಮೂರು ಹೂವಿಗೆ ಐದು ತಂಡ. ನೂಕಾಟ, ಜಗಳ. ಯಾವ ತಂಡಕ್ಕೂ ಅರವತ್ತು ಆಗಲಿಲ್ಲ, ಒಂದು ತಂಡಕ್ಕೆ ಆರೇ ಹನಿ. "ಹೂವೆಲ್ಲ ಎಲ್ಲಿ ಹೋದವು ಸಾರ್, ಹಿಂಗಾದ್ರೆ ನಾವು ಸಾಯ್ತೀವಿ" ಅಂದರು. ನಾವು ಅಂದದ್ದನ್ನು ನಾನು ಗಮನಿಸಿದೆ, ಅವರು ಗಮನಿಸಲಿಲ್ಲ.

ಹೂವಿನ ಪಂಚಾಂಗ

ಹಾಗಾದರೆ ನಮ್ಮ ಊರಿನ ಜೇನಿಗೆ ಯಾವ ತಿಂಗಳು ಊಟ ಇದೆ, ಯಾವ ತಿಂಗಳು ಇಲ್ಲ? ಇದನ್ನು ಮಕ್ಕಳು ಮನೆಯಲ್ಲಿ ಅಜ್ಜಿ, ತಾತಂದಿರನ್ನು ಕೇಳಿ ಬಂದರು. ಗೋಡೆಯ ಮೇಲೆ ಹನ್ನೆರಡು ಮನೆ ಬರೆದು ತುಂಬಿಸಿದೆವು. ಸಂಕ್ರಾಂತಿ ಕಳೆದ ಮೇಲೆ ಮಾವಿನ ಹೂವು. ಯುಗಾದಿಗೆ ಬೇವು, ಹೊಂಗೆ. ಮೇ ಕಳೆಯುವಾಗ ಹುಣಸೆ. ಮಳೆಗಾಲದಲ್ಲಿ ತುಂಬೆ, ಕುಂಬಳ, ಹೀರೆ. ಅಕ್ಟೋಬರಿನಲ್ಲಿ ಹುಚ್ಚೆಳ್ಳು. ಚಳಿಗೆ ಅವರೆ. ಇವೆಲ್ಲದರ ನಡುವೆ ತಿಂಗಳಿಗೊಂದು ಹೊಂಬಾಳೆ ಒಡೆಯುವ ತೆಂಗು. ಒಬ್ಬಳು ತೆಂಗಿಗೆ ಹನ್ನೆರಡೂ ಮನೆಯಲ್ಲಿ ಗುರುತು ಹಾಕಿ, ಇದು ಜೇನಿನ ರೇಷನ್ ಅಂಗಡಿ ಅಂತ ಬರೆದಳು.

ಹುಚ್ಚೆಳ್ಳಿನ ವಿಷಯ ಒಬ್ಬ ಅಜ್ಜಿಯಿಂದ ಬಂತು. ಮೊದಲು ರಾಗಿ ಹೊಲದಲ್ಲಿ ಅಕ್ಕಡಿ ಸಾಲಿಗೆ ಅವರೆ, ಜೋಳದ ಜೊತೆ ಹುಚ್ಚೆಳ್ಳು ಹಾಕುತ್ತಿದ್ದರು, ಈಗ ಬರೀ ರಾಗಿ ಅಂದರಂತೆ. ಅದೃಷ್ಟಕ್ಕೆ ಆಗಸ್ಟಿನಲ್ಲೇ ನಾನು ಬೇಲಿ ಪಕ್ಕ ಎರಡು ಹಿಡಿ ಹುಚ್ಚೆಳ್ಳು ಎರಚಿದ್ದೆ. ಅಕ್ಟೋಬರಿನಲ್ಲಿ ಬೇಲಿಯುದ್ದಕ್ಕೂ ಹಳದಿ. ಈ ಗಿಡಕ್ಕೆ ತನ್ನದೇ ಪರಾಗ ಆಗುವುದಿಲ್ಲ, ಇನ್ನೊಂದು ಗಿಡದ್ದೇ ಬೇಕು. ಉಳಿದ ಪಂಚೆ ಚೀಲಗಳನ್ನು ಕೆಲವು ಹೂವಿಗೆ ಕಟ್ಟಿದೆವು. ನವೆಂಬರಿನಲ್ಲಿ ಉಜ್ಜಿ ನೋಡಿದರೆ ಚೀಲದ ತಲೆಗಳಲ್ಲಿ ಹೆಚ್ಚುಕಡಿಮೆ ಎಲ್ಲವೂ ಜೊಳ್ಳು, ಬಯಲಿನವುಗಳಲ್ಲಿ ಕರೀ ಮಿಂಚುವ ಕಾಳು. ಕುಂಬಳಕ್ಕಿಂತ ಈ ಪ್ರಯೋಗ ಸುಲಭ. ಬೆಳಿಗ್ಗೆ ಏಳಕ್ಕೆ ಬರಬೇಕಾಗಿಲ್ಲ. ಮುಂದಿನ ವರ್ಷ ಇದರಿಂದಲೇ ಶುರು ಮಾಡುತ್ತೇನೆ.

ಬದನೆ ಹೂವು ಮತ್ತು ಟ್ಯೂನಿಂಗ್ ಫೋರ್ಕ್

ಬದನೆ ಹೂವಿನ ಮೇಲೆ ತುಡುವೆ ಜೇನು ಕೂರುವುದೇ ಕಡಿಮೆ, ಗಮನಿಸಿದ್ದು ಮಕ್ಕಳೇ. ಬದನೆಯಲ್ಲಿ ಮಧು ಇಲ್ಲ, ಪರಾಗ ಮಾತ್ರ. ಅದೂ ಮುಚ್ಚಿದ ಹಳದಿ ಕೊಳವೆಗಳ ಒಳಗೆ, ತುದಿಯಲ್ಲಿ ಸೂಜಿ ಚುಚ್ಚಿದಂಥ ತೂತು. ಉಪ್ಪಿನ ಡಬ್ಬಿ ಇದ್ದ ಹಾಗೆ, ಅಲ್ಲಾಡಿಸಿದರೆ ಮಾತ್ರ ಉದುರುತ್ತದೆ. ಗಾಳಿಗೂ ಒಂದಿಷ್ಟು ಉದುರಿ ಕಾಯಿ ಕಟ್ಟುತ್ತದೆ, ಆದರೆ ಈ ಡಬ್ಬಿ ತೆರೆಯಲು ಬರುವ ಪರಿಣತರು ಬೇರೆ ಇದ್ದಾರೆ.

ವಿಜ್ಞಾನದ ಪೆಟ್ಟಿಗೆಯಲ್ಲಿ ಶಬ್ದದ ಪಾಠಕ್ಕೆ ಬಳಸುವ ಟ್ಯೂನಿಂಗ್ ಫೋರ್ಕ್ ಇತ್ತು. ಹವಾಯಿ ಚಪ್ಪಲಿಯ ಅಟ್ಟೆಗೆ ಹೊಡೆದು, ಮಿಡಿಯುತ್ತಿರುವಾಗಲೇ ಹೂವಿನ ಹಳದಿ ಕೊಳವೆಗೆ ಮುಟ್ಟಿಸಿದೆ. ಕೆಳಗೆ ಕಪ್ಪು ಕಾಗದ ಹಿಡಿದಿದ್ದೆವು. ಏನೂ ಆಗಲಿಲ್ಲ. ಇನ್ನೊಂದು ಹೂವು. ಏನೂ ಇಲ್ಲ. ಅವತ್ತೇ ಅರಳಿದ ಹೂವು ಆಗಿರಲಿಲ್ಲ ಅಂತ ಆಮೇಲೆ ತಿಳಿಯಿತು. ಹೊಸ ಹೂವಿಗೆ ಮುಟ್ಟಿಸಿದ ಕ್ಷಣ ಬಿಳಿಹಳದಿ ಪುಡಿ ಹೊಗೆಯ ಹಾಗೆ ಭುಸ್ ಅಂತ ಹಾರಿ ಕಾಗದದ ಮೇಲೆ ಬಿತ್ತು. ನಲವತ್ತು ಗಂಟಲಿಂದ ಓ ಅಂತ ಕೂಗು. ಹೆಡ್‌ಮಾಸ್ಟರು ಏನಾಯಿತೋ ಅಂತ ಓಡಿಬಂದರು. ಅವರೂ ಒಂದು ಹೂವಿಗೆ ಮುಟ್ಟಿಸಿ ನೋಡಿದರು.

ಎರಡು ದಿನ ಬಿಟ್ಟು ಅದೇ ಕೆಲಸವನ್ನು ಹುಳವೇ ಮಾಡುವುದನ್ನು ನೋಡಿದೆವು. ಹೊಟ್ಟೆಗೆ ನೀಲಿ ಪಟ್ಟೆಗಳಿರುವ ಒಂಟಿ ಜೇನು. ಬಂದು ಹೂವನ್ನು ತಬ್ಬಿಕೊಂಡು, ರೆಕ್ಕೆ ಬಡಿಯದೆ, ಮೈಯನ್ನೇ ಝೂಂ ಅಂತ ನಡುಗಿಸುತ್ತದೆ. ಹಾರುವಾಗಿನ ಸದ್ದೇ ಬೇರೆ, ಈ ಸದ್ದೇ ಬೇರೆ. ಕಣ್ಣು ಮುಚ್ಚಿ ಕೇಳಿದರೂ ಈಗ ಹೂವಿನ ಮೇಲಿದೆ ಅಂತ ಹೇಳಬಹುದು. ತುಡುವೆಗೆ ಈ ವಿದ್ಯೆ ಬರುವುದಿಲ್ಲ.

ಇದು ಎಲ್ಲಿಂದ ಬರುತ್ತದೆ ಅಂತ ಬೆನ್ನುಹತ್ತಿದವನು ನಮ್ಮ ದುಂಬಿ. ದೂರವೇನೂ ಇರಲಿಲ್ಲ. ಬದನೆ ಪಾತಿಯ ಹಿಂದಿನ ಮಣ್ಣಿನ ಗೋಡೆ. ಪೆನ್ಸಿಲ್ ಹೋಗುವಷ್ಟು ತೂತುಗಳು, ಇಪ್ಪತ್ತಕ್ಕೂ ಜಾಸ್ತಿ. ಒಂದೊಂದೂ ಒಬ್ಬೊಬ್ಬ ತಾಯಿಯ ಮನೆ. ಇನ್ನೊಂದು ಸಂಜೆ ಶಾಲೆ ಬಿಟ್ಟ ಮೇಲೆ ಅವನೇ ನನ್ನನ್ನು ಕೈ ಹಿಡಿದು ಎಳೆದುಕೊಂಡು ಹೋದ. ಒಣಗಿದ ಹುಲ್ಲಿನ ಕಡ್ಡಿಯೊಂದರ ಮೇಲೆ ಆರು ನೀಲಿ ಪಟ್ಟೆಯ ಜೇನು ಸಾಲಾಗಿ, ದವಡೆಯಿಂದ ಕಡ್ಡಿಯನ್ನು ಕಚ್ಚಿ ಹಿಡಿದು ನಿದ್ದೆ ಹೊಡೆಯುತ್ತಿದ್ದವು. ಗಂಡು ಜೇನುಗಳು. ಅವಕ್ಕೆ ಮನೆ ಇಲ್ಲ, ರಾತ್ರಿ ಹೀಗೇ ಕಳೆಯುತ್ತವೆ.

ಅಕ್ಟೋಬರ್, ನವೆಂಬರ್: ಮಣ್ಣಿನ ಇಟ್ಟಿಗೆ, ಗೋಡೆ

ಶಾಲೆಯ ಉಸ್ತುವಾರಿ ಸಮಿತಿ, ಅಂದರೆ ಎಸ್‌ಡಿಎಂಸಿಯ ಸಭೆಯಲ್ಲಿ ಆ ಗೋಡೆಗೆ ಸಿಮೆಂಟ್ ಗಾರೆ ಮಾಡಿಸುವುದು ಅಂತ ಮೊದಲೇ ತೀರ್ಮಾನ ಆಗಿತ್ತು. ಮಳೆಗೆ ಕರಗುತ್ತಿದ್ದ ಗೋಡೆ, ಅವರ ಚಿಂತೆಯೂ ಸರಿಯೇ.

ಬದಲಿ ಮನೆ ಕೊಡೋಣ ಅಂತ ಮಣ್ಣಿನ ಇಟ್ಟಿಗೆ ಮಾಡಿದೆವು. ಬರೀ ಹುತ್ತದ ಮಣ್ಣಿನದು ಒಣಗಿ ಕಲ್ಲಾಯಿತು, ಸೀಳಿತು. ಎರಡು ಪಾಲು ಹುತ್ತದ ಮಣ್ಣಿಗೆ ಒಂದು ಪಾಲು ಜರಡಿ ಹಿಡಿದ ಮರಳು ಹಾಕಿದ್ದು ಸರಿಹೋಯಿತು, ಉಗುರಿನಿಂದ ಗೀರಿದರೆ ಪುಡಿ ಬರುವಷ್ಟು ಮೆದು. ಹಸಿಯಾಗಿರುವಾಗಲೇ ಪೆನ್ಸಿಲ್ ಚುಚ್ಚಿ ಎರಡು ಬೆರಳ ಆಳದ ತೂತು. ಸೂರಿನ ಕೆಳಗೆ, ಮಳೆ ಇರಚಲು ತಾಗದ ಕಡೆ, ಪೂರ್ವಕ್ಕೆ ಮುಖ. ಪಕ್ಕದಲ್ಲಿ ಬಿದಿರಿನ ಕೊಳವೆಗಳ ಒಂದು ಕಟ್ಟು.

ಬಿದಿರಿಗೆ ಒಂದು ವಾರದಲ್ಲಿ ಇರುವೆ ಸೇರಿದವು. ನೇತುಹಾಕಿದ ತಂತಿಗೆ ಗ್ರೀಸ್ ಬಳಿದ ಮೇಲೆ ಹೋದವು. ಆಮೇಲೆ ಎಲೆ ಕತ್ತರಿಸುವ ಜೇನು ಬಂದು, ಗುಲಾಬಿ ಎಲೆಯನ್ನು ಗೋಲಾಗಿ ಕತ್ತರಿಸಿ ತಂದು ಎರಡು ಕೊಳವೆ ತುಂಬಿಸಿತು. ಮಣ್ಣಿನ ಇಟ್ಟಿಗೆಗೆ ಬಂದದ್ದು ಕಣಜ, ಮೂರು ತೂತನ್ನು ಮೆತ್ತಿ ಮುಚ್ಚಿತು. ನೀಲಿ ಪಟ್ಟೆಯವು ಒಂದೂ ಬರಲಿಲ್ಲ. ಅವಕ್ಕೆ ಆ ಹಳೇ ಗೋಡೆಯೇ ಬೇಕು.

ಮಕ್ಕಳು ಎಸ್‌ಡಿಎಂಸಿಗೆ ಅರ್ಜಿ ಬರೆದರು. ಜೊತೆಗೆ ಸೊಟ್ಟ ಕುಂಬಳದ ಚಿತ್ರ, ಹೂವಿನ ಪಂಚಾಂಗ. ಸಭೆಗೆ ಟ್ಯೂನಿಂಗ್ ಫೋರ್ಕ್ ಮತ್ತು ಒಂದು ಬದನೆ ಗಿಡವನ್ನು ಕುಂಡದಲ್ಲಿ ಹೊತ್ತುಕೊಂಡು ಹೋದರು. ಔಷಧಿ ಹೊಡೆಯುತ್ತಿದ್ದ ತಾತ ಸಭೆಯಲ್ಲಿದ್ದರು. "ಗೋಡೆ ಪೂರ್ತಿ ಬ್ಯಾಡ ಬಿಡ್ರಪ್ಪ, ಸಿಮೆಂಟೂ ಉಳೀತದೆ" ಅಂದರು.

ನವೆಂಬರ್ ಮೂರನೇ ವಾರ ಗಾರೆ ಕೆಲಸದವರು ಬಂದರು. ಸರಕು ಕಲಸಿ, ಕರಣೆ ಹಿಡಿದು, ಎಲ್ಲಿಂದ ಎಲ್ಲಿಗೆ ಬಿಡಬೇಕು ಹೇಳಿ ಮೇಷ್ಟ್ರೇ ಅಂದರು. ನಾನು ಬಾಯಿ ತೆರೆಯುವಷ್ಟರಲ್ಲಿ ಬೆವರಿ ಸತ್ತಿದ್ದು ಅಂದಿದ್ದ ಹುಡುಗಿ ಸೀಮೆಸುಣ್ಣ ಹಿಡಿದು ಮುಂದೆ ಬಂದಳು. ತೂತುಗಳನ್ನು ಒಂದೊಂದಾಗಿ ಎಣಿಸಿದಳು. ಕೊನೆಯ ತೂತಿನಿಂದ ಒಂದು ಮೊಳ ಆಚೆಗೆ ಮೇಲಿನಿಂದ ಕೆಳಗಿನವರೆಗೆ ಗೆರೆ ಎಳೆದಳು. ಮತ್ತೆ ಏನೋ ಯೋಚಿಸಿ, ಅದನ್ನು ಅಂಗೈಯಿಂದ ಒರೆಸಿ, ಇನ್ನೂ ಒಂದು ಮೊಳ ಆಚೆಗೆ ಎಳೆದಳು.